ಮೃಗಶಿರದಲ್ಲಿ ಹತ್ತುವ ಮೀನಿಗೆ ದಾರಿ ಬಿಡಿ

ಮಲೆನಾಡಿನ ನನ್ನ ಬಂಧುಗಳೇ,

ಮೃಗಶಿರ ಮಳೆ ಹಿಡಿದ ಮೂರನೆಯದೋ ನಾಲ್ಕನೆಯದೋ ರಾತ್ರಿಗೆ ಹಳ್ಳ ಕೆಂಪಾಗಿ ಗದ್ದೆಗೆ ನೀರು ನುಗ್ಗುತ್ತದೆ. ಆ ರಾತ್ರಿ ನಮ್ಮ ಕಡೆ ಗಂಡಸರು ಮಲಗುವುದಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕತ್ತಿ ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹತ್ತಿ ಬರುವ ಮೀನು ಹಿಡಿಯಲು, ಅಂದರೆ ಹತ್ತುಮೀನಿಗೆ, ಹೊರಡುತ್ತಾರೆ. ನಾನೂ ಹೋದವನೇ. ಅಪ್ಪನ ಹಿಂದೆ ನಡೆದು, ಅಂಚಿನ ಕಂಡಿಗೆ ಮೀನು ಹಿಡಿಯುವ ಕೂಣಿ ಒಡ್ಡಿ, ಬೆಳಗಾಗುವುದರೊಳಗೆ ಚೀಲ ತುಂಬಿಸಿಕೊಂಡು ಬಂದಿದ್ದೇನೆ. ಮುರುಗೋಡಿನ ಹೊಟ್ಟೆಯಿಂದ ಬಂದ ಮೊಟ್ಟೆಯನ್ನು ಅವ್ವ ಬೇರೆಯಾಗಿ ಹುರಿದು ಕೊಡುತ್ತಿದ್ದಳು. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆ ಮೊಟ್ಟೆಯ ವಿಷಯವಾಗಿಯೇ ಇವತ್ತು ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ.

ಮುರುಗೋಡು, ಕರಾವಳಿಯವರ ಮುಗುಡು, ಗಾಳಿ ಉಸಿರಾಡುವ ಮೀನು. ಮೈಮೇಲೆ ಹುರುಪೆಯಿಲ್ಲ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ಕಿವಿರಿನ ಮೇಲ್ಭಾಗದಲ್ಲಿ ಪುಟ್ಟ ಗಿಡದಂತೆ ಕವಲೊಡೆದ ಒಂದು ಅಂಗವಿದೆ. ನೀರಿನ ಮೇಲೆ ಬಂದು ನುಂಗಿದ ಗಾಳಿಯಿಂದ ಅದು ಆಮ್ಲಜನಕ ಹೀರುತ್ತದೆ. ಚೇಳುಮೀನಿಗೂ ಈ ಶಕ್ತಿ ಇದೆ, ಆದರೆ ಅದಕ್ಕೆ ಬೆನ್ನಿನ ಮಾಂಸದೊಳಗೆ ಉದ್ದಕ್ಕೆ ಹೋಗುವ ಗಾಳಿಚೀಲ. ಕೆಸರು ನೀರಿನಲ್ಲಿ ಬೇರೆ ಮೀನು ಸತ್ತು ತೇಲುವಾಗ ಇವು ಬದುಕುತ್ತವೆ. ಒದ್ದೆ ಹುಲ್ಲಿನ ಮೇಲೆ ಎದೆಯ ಮುಳ್ಳೂರಿ ಹರಿದಾಡುತ್ತಾ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತವೆ. ಪಶ್ಚಿಮಘಟ್ಟದ ನಮ್ಮ ತಳಿಯನ್ನು ವಿಜ್ಞಾನ ಗುರುತಿಸಿದ್ದು 1840ರಲ್ಲಿ, ದ್ಯುಸುಮಿಯೆ ಎಂಬ ಫ್ರೆಂಚ್ ನಾವಿಕ ವ್ಯಾಪಾರಿಯ ಹೆಸರಿನಲ್ಲಿ. ಇದರ ಬಂಧು, ಬಿಹಾರದ ರಾಜ್ಯಮೀನಾದ ಮಾಗುರ್, ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇಷ್ಟು ಗಟ್ಟಿ ಜೀವವೂ ಸೋಲುವ ಜಾಗ ಒಂದಿದೆ. ಮಳೆಗಾಲದ ಆ ಮೊದಲ ರಾತ್ರಿಗಳು. ಅದು ಹತ್ತಿ ಬರುವುದು ಹೊಟ್ಟೆತುಂಬ ಮೊಟ್ಟೆ ಹೊತ್ತುಕೊಂಡು, ಗದ್ದೆಯ ಅಂಚಿನ ಮಣ್ಣಿನಲ್ಲಿ ಗೂಡು ಮಾಡುವುದಕ್ಕೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಆ ಗೂಡಿನ ಬಾಯಿಗೆ ಕಾವಲು ನಿಲ್ಲುತ್ತದೆ. ಮರಿ ಹೊರಬಿದ್ದು ಈಜುವವರೆಗೂ ಜಾಗ ಬಿಟ್ಟು ಕದಲುವುದಿಲ್ಲ. ನಾವು ಕಂಡಿಯಲ್ಲಿ ಒಂದು ಮೀನು ಕಡಿದರೆ ಒಂದು ಗೂಡನ್ನೇ ಕಡಿದ ಹಾಗೆ.

ಕೊಳದಲ್ಲಿ ಮರಿ ಮಾಡಿಸಿದರಾಯಿತು ಎನ್ನುವವರು ಇನ್ನೊಂದು ಸಂಗತಿ ತಿಳಿದಿರಲಿ. ಈ ಜಾತಿಯ ಗಂಡಿನ ಹೊಟ್ಟೆ ಒತ್ತಿದರೆ ವೀರ್ಯ ಬರುವುದಿಲ್ಲ. ಮರಿಕೇಂದ್ರದಲ್ಲಿ ಅದನ್ನು ಕೊಂದು ವೃಷಣ ತೆಗೆಯಬೇಕು. ಗದ್ದೆಯಲ್ಲಿ ಮರಿ ಕಾಯುವ ತಂದೆ ಅಲ್ಲಿ ಮರಿ ಹುಟ್ಟುವ ಮೊದಲೇ ಸಾಯುತ್ತದೆ. ನಮ್ಮ ಕೆಸರುಗದ್ದೆ ಒಂದು ಕಾಸಿನ ಖರ್ಚಿಲ್ಲದೆ ಈ ಕೆಲಸ ಮಾಡಿಕೊಂಡು ಬಂದಿದೆ. ಆ ಗದ್ದೆಗಳೂ ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಅದಕ್ಕೆ ಯಾರನ್ನೂ ದೂರಲಾರೆ, ಭತ್ತದಲ್ಲಿ ಏನು ಉಳಿಯುತ್ತದೆಂದು ನನಗೂ ಗೊತ್ತು. ಉಳಿದ ಗದ್ದೆಗಳಲ್ಲಾದರೂ ಮೀನಿಗೆ ದಾರಿ ಇರಲಿ.

ದೇಸಿ ಮೀನು ಕಡಿಮೆಯಾದ ಕಡೆ ಆಫ್ರಿಕನ್ ಕ್ಯಾಟ್‌ಫಿಶ್ ಬಂದು ಕೂತಿದೆ. ಅದೂ ಗಾಳಿ ಉಸಿರಾಡುತ್ತದೆ, ನೋಡಲು ಮುರುಗೋಡಿನ ಅಣ್ಣನಂತಿದೆ, ಸಂತೆಯಲ್ಲಿ ನಮ್ಮ ಮೀನಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಬೆಳೆಯಲು ಬಿಟ್ಟರೆ 60 ಕಿಲೋವರೆಗೂ ತೂಗಬಲ್ಲದು. ಮೊಟ್ಟೆ ಕಾಯುವ ಗುಣ ಅದಕ್ಕಿಲ್ಲ, ಎದುರು ಸಿಕ್ಕ ಮೀನು, ಕಪ್ಪೆ ಏನನ್ನೂ ಬಿಡುವುದಿಲ್ಲ. ರಾಜಸ್ಥಾನದ ಭರತ್‌ಪುರದ ಪಕ್ಷಿಧಾಮದಲ್ಲಿ ಸೇರಿಕೊಂಡು ಹಕ್ಕಿಗಳಿಗೂ ಕಂಟಕವಾಗಿದೆ. ನಮ್ಮ ಕಾವೇರಿಯಲ್ಲೂ ಸಿಕ್ಕಿದೆ. ದೇಶದಲ್ಲಿ ಇದರ ಸಾಕಣೆ ನಿಷೇಧವಾಗಿ ಎರಡು ದಶಕ ದಾಟಿತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ವಿರುದ್ಧ ಆದೇಶ ಕೊಟ್ಟಿತು. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಸುರಿದು ಕದ್ದು ಸಾಕುವುದು ನಿಂತಿಲ್ಲ. ಎರಡು ಮೂರು ಕಿಲೋ ತೂಗುವ ಮೀನನ್ನು ಮುರುಗೋಡೆಂದು ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ತೋಟದ ಕೆರೆಗೆ ಅದರ ಮರಿ ತಂದು ಬಿಡಬೇಡಿ. ಒಂದು ದೊಡ್ಡ ಮಳೆಗೆ ಕೆರೆ ಕೋಡಿ ಬಿದ್ದರೆ ಅದು ಹಳ್ಳಕ್ಕಿಳಿಯುತ್ತದೆ, ಆಮೇಲೆ ವಾಪಸು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಮೀನು ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಮೃಗಶಿರ, ಆರಿದ್ರ, ಈ ಎರಡು ಮಳೆ ಮುಗಿಯುವ ತನಕ, ಸುಮಾರು ಒಂದು ತಿಂಗಳು, ಹತ್ತುವ ಮೀನಿಗೆ ಕತ್ತಿ ಬೀಸಬೇಡಿ. ಮಳೆಗಾಲ ತೀರಿ ಗದ್ದೆಯ ನೀರು ಇಳಿಯುವಾಗ ಕೂಣಿ ಒಡ್ಡಿ; ಅಷ್ಟರಲ್ಲಿ ಮರಿಗಳೂ ಕೈಗೆ ಬಂದಿರುತ್ತವೆ. ಹಳ್ಳಕ್ಕೆ ಬ್ಲೀಚಿಂಗ್ ಪುಡಿ ಹಾಕುವವರನ್ನು, ಕರೆಂಟು ಕೊಡುವವರನ್ನು ಕಂಡರೆ ನಮ್ಮವರೆಂದು ಸುಮ್ಮನಾಗಬೇಡಿ. ನೀರಿಗೆ ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ.

ಬರುವ ಜೂನ್‌ನಲ್ಲಿ ಮಕ್ಕಳು ಹತ್ತುಮೀನು ನೋಡಬೇಕೆಂದು ಹಟ ಹಿಡಿದರೆ ಖಂಡಿತ ಕರೆದುಕೊಂಡು ಹೋಗಿ. ಟಾರ್ಚು ತೆಗೆದುಕೊಳ್ಳಿ, ಕತ್ತಿ ಮನೆಯಲ್ಲೇ ಇರಲಿ.