ಇಪ್ಪತ್ತೊಂದು ನಡೆಯ ಡ್ರಾ
ತೂಬಗೆರೆಯ ಅರಳಿಕಟ್ಟೆಯಲ್ಲಾಗಲಿ, ದೊಡ್ಡಬಳ್ಳಾಪುರದ ಶಾಲಾ ಟೂರ್ನಿಯಲ್ಲಾಗಲಿ, ‘ಡ್ರಾ ಆಯ್ತಂತೆ’ ಎಂದ ಕೂಡಲೇ ನೋಡುಗರ ಉತ್ಸಾಹ ಇಳಿದುಬಿಡುತ್ತದೆ. ಯಾರೂ ಗೆಲ್ಲದ ಚದುರಂಗದಲ್ಲಿ ಏನೂ ನಡೆದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿದೆ. 1960ರ ಲೈಪ್‌ಜಿಗ್ ಒಲಿಂಪಿಯಾಡ್‌ನಲ್ಲಿ 17 ವರ್ಷದ ಬಾಬಿ ಫಿಷರ್ ಮತ್ತು ಆಗಿನ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಆಡಿದ ಫ್ರೆಂಚ್ ಡಿಫೆನ್ಸ್ ಆಟವನ್ನೇ ನೋಡಿ. ಅದರಲ್ಲೂ ವಿನಾವರ್, ಅಂದರೆ ಆರಂಭದಲ್ಲೇ ಕತ್ತಿ ಹಿರಿಯುವ ಬಗೆ. ಫಿಷರ್‌ನ ರಾಣಿ ಜಿ7, ಎಚ್7ರ ಕಾಲಾಳುಗಳನ್ನು ನುಂಗಿತು. ತಾಲ್ ತನ್ನ ರಾಜನನ್ನು ಆಚೆ ಬದಿಗೆ ಸಾಗಿಸಿ, ಕಾಲಾಳು ಹೋಗಿ ತೆರೆದುಕೊಂಡ ಅದೇ ಜಿ ಸಾಲಿನಲ್ಲಿ ಆನೆ ನುಗ್ಗಿಸಿದ. ನಾಲ್ಕೈದು ನಡೆಗಳಲ್ಲಿ ಕುದುರೆ, ಒಂಟೆ, ಆನೆಗಳು ಉದುರಿಹೋದವು. ಕೊನೆಗೆ ಫಿಷರ್ ಬಳಿ ಆನೆ, ತಾಲ್ ಬಳಿ ಬರೀ ಕುದುರೆ. ಆದರೇನು, ತಾಲ್‌ನ ಕಪ್ಪು ರಾಣಿ ಜಿ4ರಿಂದ ಚೆಕ್, ಎಫ್3ರಿಂದ ಚೆಕ್, ಮತ್ತೆ ಜಿ4ರಿಂದ ಎಂದು ಕೊಡುತ್ತಲೇ ಇರಬಹುದು. ಬಿಳಿ ರಾಜನಿಗೆ ಬಿಡುಗಡೆಯಿಲ್ಲ. 21ನೇ ನಡೆಗೆ ಆಟ ನಿಂತಿತು. ಒಳಒಪ್ಪಂದದ ಡ್ರಾಗಳೂ ಇವೆಯಲ್ಲ ಎನ್ನಬಹುದು. ಇವೆ, ಬೇಕಾದಷ್ಟು. 1962ರಲ್ಲಿ ಕುರಸಾವ್‌ನಲ್ಲಿ ನಡೆದ ಟೂರ್ನಿಯಲ್ಲಿ ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮೊಳಗಿನ 12 ಆಟಗಳನ್ನೂ ಸರಾಸರಿ 19 ನಡೆಗಳಲ್ಲಿ ಡ್ರಾ ಮಾಡಿಕೊಂಡರು. ಎಣಿಕೆಯಲ್ಲಿ ಹೆಚ್ಚು ಅಂತರವಿಲ್ಲ. ಲೈಪ್‌ಜಿಗ್‌ನಲ್ಲಿ ಒಂದೇ ನಡೆ ತಪ್ಪಿದ್ದರೂ ಆಟ ಮುಗಿಯುತ್ತಿತ್ತು, ಕುರಸಾವ್‌ನಲ್ಲಿ ತಪ್ಪುವ ಪ್ರಸಂಗವನ್ನೇ ತಂದುಕೊಳ್ಳಲಿಲ್ಲ. ಕುರಸಾವ್ ಬಗ್ಗೆ ಬಹಿರಂಗವಾಗಿ ಗುಡುಗಿದವನು ಇದೇ ಫಿಷರ್. 1969ರಲ್ಲಿ ತನ್ನ ನೆನಪಿನಲ್ಲುಳಿದ 60 ಆಟಗಳ ಪುಸ್ತಕ ತಂದಾಗ ತಾಲ್ ಜೊತೆಗಿನ ಈ ಡ್ರಾವನ್ನೂ ಅದರಲ್ಲಿ ಸೇರಿಸಿದ.