ಕಣ್ಣಿಗೆ ಕಾಣದ ಏರು

ಮಲೆನಾಡಿನಲ್ಲಿ ಸೈಕಲ್ ತುಳಿಯುವವನ ಕಷ್ಟವೇನೆಂದು ಕೇಳಿದರೆ ಬಯಲುಸೀಮೆಯವರು ಕೂಡಲೇ ಗುಡ್ಡದ ಕಡೆ ಬೆರಳು ಮಾಡುತ್ತಾರೆ. ಆದರೆ ಗುಡ್ಡದಲ್ಲಿ ಒಂದು ನ್ಯಾಯವಿದೆ: ಹೋಗುವಾಗ ಏರಿಸಿದ್ದನ್ನು ಬರುವಾಗ ಇಳಿಸಿಕೊಡುತ್ತದೆ. ಗಾಳಿಗೆ ಆ ನ್ಯಾಯ ತಿಳಿಯದು. ಅದು ಕಣ್ಣಿಗೆ ಕಾಣದ ಏರು.

ಆಲೂರಿನ ಕಡೆಯಿಂದ ಪಾಳ್ಯ, ಬಾಳ್ಳುಪೇಟೆಗಳನ್ನು ಹಾದು ಸಕಲೇಶಪುರಕ್ಕೆ ಹೋಗುವ ಹೆದ್ದಾರಿ ಪಡುವಣಕ್ಕೆ ಮುಖಮಾಡಿದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದ ಮುಂಗಾರು ಗಾಳಿ ಘಟ್ಟವನ್ನೇರಿ ಇದೇ ದಾರಿಗೆ ಎದುರಾಗಿ ಬರುತ್ತದೆ. ಕಾಫಿತೋಟದ ಸಿಲ್ವರ್ ಮರಗಳ ಮರೆಯಿರುವಷ್ಟು ದೂರ ಅದರ ಆರ್ಭಟ ಅಷ್ಟಾಗಿ ತಿಳಿಯುವುದಿಲ್ಲ. ಗದ್ದೆಬಯಲು ತೆರೆದುಕೊಂಡಿತೋ, ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಂತಾಗುತ್ತದೆ.

‘ಹೋಗುವಾಗ ನೂಕಿದ ಗಾಳಿಯೇ ಬರುವಾಗ ತಳ್ಳುವುದಲ್ಲ, ಲೆಕ್ಕ ಸರಿಹೋಯಿತು’ ಎನ್ನುವವರುಂಟು. ಸರಿಹೋಗುವುದಿಲ್ಲ. ಕಾಲೇಜು 10 ಕಿಲೋಮೀಟರು ದೂರವಿದೆಯೆಂದುಕೊಳ್ಳಿ. ಗಾಳಿಯಿಲ್ಲದ ದಿನ ಗಂಟೆಗೆ 15 ಕಿಲೋಮೀಟರಿನಂತೆ ತುಳಿದರೆ 40 ನಿಮಿಷದ ದಾರಿ. ಎದುರುಗಾಳಿಗೆ ವೇಗ 10ಕ್ಕೆ ಇಳಿದರೆ 60 ನಿಮಿಷ. ಸಂಜೆ ಬೆನ್ನಗಾಳಿಗೆ 20ಕ್ಕೆ ಏರಿದರೆ 30 ನಿಮಿಷ. ಬೆಳಿಗ್ಗೆ ಕಳೆದದ್ದು 20, ಸಂಜೆ ಗಳಿಸಿದ್ದು 10. ಗಾಳಿ ಸಾಲ ತೀರಿಸುತ್ತದೆ, ಅರ್ಧ ಮಾತ್ರ!

ಹೆಚ್ಚು ತುಳಿದು ವೇಗ ಉಳಿಸಿಕೊಳ್ಳಬಾರದೇಕೆ ಎಂದರೆ, ಭೌತಶಾಸ್ತ್ರ ಅಡ್ಡ ಬರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 15ರ ವೇಗದಲ್ಲಿ ಹೋಗುವವನಿಗೆ 15ರ ವೇಗದ ಗಾಳಿ ಎದುರಾದರೆ ತಡೆ ಎರಡರಷ್ಟಲ್ಲ, ನಾಲ್ಕರಷ್ಟು. ತಲೆ ತಗ್ಗಿಸಿ, ಮೈಯನ್ನು ಹ್ಯಾಂಡಲಿನತ್ತ ಬಾಗಿಸಿದರೆ ಸ್ವಲ್ಪ ಉಳಿತಾಯ. ಒಂದು ಕೈಯಲ್ಲಿ ಕೊಡೆ ಬಿಚ್ಚಿದರೆ ಅದು ದೋಣಿಯ ಹಾಯಿಯಂತೆ ಸವಾರನನ್ನೇ ರಸ್ತೆಯ ಅಂಚಿಗೆ ಎಳೆದೊಯ್ದೀತು.

ಸಂಜೆಯ ಬೆನ್ನಗಾಳಿಯನ್ನೂ ಪೂರ್ತಿ ನಂಬಬಾರದು. ‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆ ಕಣಕ್ಕೆ ಸರಿ, ಇಳಿಜಾರಿಗೆ ಸಲ್ಲದು. ಒದ್ದೆಯಾದ ಉಕ್ಕಿನ ಚಕ್ರದ ಅಂಚಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಒಣ ದಿನ ನಿಂತಷ್ಟು ಬೇಗ ಸೈಕಲ್ ನಿಲ್ಲದು. ತಿರುವಿಗೆ ಬಹಳ ಮುಂಚೆಯೇ ಬ್ರೇಕನ್ನು ಮೆಲ್ಲಗೆ ತಾಗಿಸಿ ನೀರೊರೆಸಿಕೊಳ್ಳುವುದು ಜಾಣತನ. ಮಂಜು ಕವಿದಿದ್ದರೆ ದೀಪ ಬೇಕೇ ಬೇಕು; ನಾವು ನೋಡುವುದಕ್ಕಿಂತ ಹೆಚ್ಚಾಗಿ, ಲಾರಿಯವನಿಗೆ ನಾವು ಕಾಣುವುದಕ್ಕಾಗಿ.

ಇಷ್ಟೆಲ್ಲ ಪ್ರಸ್ತಾಪಕ್ಕೆ ಕಾರಣವಿದೆ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಎಷ್ಟೋ ಮನೆಗಳಲ್ಲಿ ಅದೇ ಸೈಕಲ್ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ದಾಟಿ ಕಾಲೇಜಿನವರೆಗೂ ಬಂದಿದೆ. ಆಷಾಢದ ಬೆಳಿಗ್ಗೆ ಮೈಯೆಲ್ಲ ನೆನೆದು, ಮೊದಲ ಪಾಠಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಲ್ಲುವ ಹುಡುಗಿಯನ್ನು ನಮ್ಮ ಹಾಜರಿ ಪುಸ್ತಕ ಸೋಮಾರಿಯೆಂದೇ ಬಗೆಯುತ್ತದೆ. ಶೇಕಡಾ 75 ಹಾಜರಿ ತುಂಬದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅದೇ ಹುಡುಗಿ ಡಿಸೆಂಬರಿನಲ್ಲಿ ಮೂಡಣ ಗಾಳಿ ಬೀಸುವ ದಿನ ಗಂಟೆ ಹೊಡೆಯುವ ಮೊದಲೇ ಬಂದು ಕುಳಿತಿರುತ್ತಾಳೆ! ಅವಳು ಬದಲಾಗಿಲ್ಲ, ಗಾಳಿ ದಿಕ್ಕು ಬದಲಿಸಿದೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಬಿನ್ನಹವಿಷ್ಟೆ: ಮಳೆಗಾಲದ ಬೆಳಿಗ್ಗೆ ಗೈರುಹಾಜರಿ ಗುರುತು ಹಾಕುವ ಮುನ್ನ ಕಿಟಕಿಯಾಚೆ ಒಮ್ಮೆ ನೋಡಿ. ಮರಗಳ ತಲೆ ಪೂರ್ವಕ್ಕೆ ಬಾಗಿದ್ದರೆ, ಇನ್ನೊಂದು ಇಪ್ಪತ್ತು ನಿಮಿಷ ಕಾಯಿರಿ.