ಕಾದಂಬರಿಯಿಂದ ನಡತೆಯ ಪ್ರಮಾಣಪತ್ರ ಕೇಳಬೇಕೆ?

ಸಂಕಟದಲ್ಲಿರುವ ಜನರ ನಡುವಿನಿಂದ ಬಂದ ಲೇಖಕರು ತಮ್ಮವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕೆ? ಜೈನಾ ಅರಾಫತ್ ಅವರ ಮೊದಲ ಕಾದಂಬರಿ ‘ಯೂ ಎಕ್ಸಿಸ್ಟ್ ಟೂ ಮಚ್’ (2020) ಈ ಹಳೆಯ ಪ್ರಶ್ನೆಯನ್ನು ಮತ್ತೆ ಎದುರಿಗಿಡುತ್ತದೆ. ಅದರ ನಾಯಕಿ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ ಯುವತಿ, ಗಂಡನ್ನೂ ಹೆಣ್ಣನ್ನೂ ಬಯಸುವವಳು. ಅವಳಿಗೆ ಲೇಖಕಿ ಹೆಸರಿಟ್ಟಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಬೆತ್ಲೆಹೆಮ್‌ಗೆ ಹೋದಾಗ, ಯೇಸು ಹುಟ್ಟಿದನೆಂದು ನಂಬಲಾದ ಜಾಗದ ಚರ್ಚಿನ ಹೊರಗೆ, ಕಾಲು ಕಾಣುತ್ತಿದೆಯೆಂದು ಗಂಡಸರು ಅವಳ ಮೇಲೆ ಕೂಗಾಡುತ್ತಾರೆ. ಮುಂದೆ ಅವಳು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಿಜೆ ಆಗುತ್ತಾಳೆ, ಗೆಳತಿಯೊಬ್ಬಳೊಂದಿಗೆ ಸಂಸಾರ ಹೂಡುತ್ತಾಳೆ, ಆ ಗೆಳತಿಗೆ ಮೋಸ ಮಾಡಿ ಕೈಗೆಟುಕದವರ ಬೆನ್ನು ಬೀಳುತ್ತಾಳೆ, ‘ಪ್ರೇಮದ ಚಟ’ ಬಿಡಿಸುವ ಚಿಕಿತ್ಸಾ ಕೇಂದ್ರಕ್ಕೂ ಸೇರುತ್ತಾಳೆ. ಮಗಳ ಒಲವು ತಿಳಿದಾಗ ತಾಯಿ ಆಡುವ ಕಟುಮಾತೇ ಪುಸ್ತಕದ ಶೀರ್ಷಿಕೆ.

ಇಂಥ ಕಥೆಗೆ ಬರುವ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇಸ್ರೇಲ್ ಸ್ಥಾಪನೆಯಾದ 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು; 1967ರ ಯುದ್ಧ ಇನ್ನಷ್ಟು ಜನರನ್ನು ಎಬ್ಬಿಸಿತು. ತಮ್ಮ ಕಥೆಯನ್ನು ತಾವೇ ಹೇಳುವ ಅವಕಾಶವನ್ನೂ ಲೋಕ ಈ ಜನರಿಗೆ ಕೊಟ್ಟಿಲ್ಲ ಎಂದು ಚಿಂತಕ ಎಡ್ವರ್ಡ್ ಸೈದ್ 1984ರಲ್ಲೇ ವಾದಿಸಿದ್ದರು. ಟೆಲ್ ಅವಿವ್ ಸಲಿಂಗಿಗಳ ಸ್ವರ್ಗ, ಅರಬರ ಊರು ಅವರಿಗೆ ನರಕ ಎಂಬ ಪ್ರಚಾರ ಇಸ್ರೇಲಿನ ಸೈನಿಕ ಆಕ್ರಮಣಕ್ಕೆ ಬಣ್ಣ ಬಳಿಯುವ ಕೆಲಸವನ್ನೂ ಮಾಡುತ್ತಿದೆ. ಹೀಗಿರುವಾಗ ಮನೆಯ ಹುಳುಕನ್ನು ಇಂಗ್ಲಿಷಿನಲ್ಲಿ ಬರೆದರೆ ಎದುರಾಳಿಯ ಕೈಗೆ ಕೋಲು ಕೊಟ್ಟಂತಲ್ಲವೆ? ಕನ್ನಡದಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರೂ ಈ ಬಗೆಯ ಮಾತನ್ನು ಎದುರಿಸಿಯೇ ಬರೆದವರು.

ಆದರೆ ಬಾಯಿ ಮುಚ್ಚಿಸುವ ಕೆಲಸ ಒಂದೇ ಕಡೆಯಿಂದ ನಡೆಯುವುದಿಲ್ಲ. 2017ರಲ್ಲಿ ಪ್ಯಾಲೆಸ್ಟೀನಿನ ಲೇಖಕ ಅಬ್ಬಾದ್ ಯಾಹ್ಯಾ ಅವರ ‘ಕ್ರೈಮ್ ಇನ್ ರಮಲ್ಲಾ’ ಕಾದಂಬರಿಯನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಸಿದ್ದು ಪ್ಯಾಲೆಸ್ಟೀನ್ ಆಡಳಿತವೇ. ಅದರಲ್ಲೂ ಒಬ್ಬ ಸಲಿಂಗಿ ಪಾತ್ರವಿತ್ತು. 2023ರ ಅಕ್ಟೋಬರ್‌ನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಆಗಬೇಕಿದ್ದ ಪ್ಯಾಲೆಸ್ಟೀನಿನ ಲೇಖಕಿ ಅದಾನಿಯಾ ಶಿಬ್ಲಿ ಅವರ ಪ್ರಶಸ್ತಿ ಸಮಾರಂಭವನ್ನು ಮುಂದೂಡಿದವರು ಜರ್ಮನಿಯ ಸಂಘಟಕರು. ಒಳಗಿನವರಿಗೆ ಸಭ್ಯವಾದ ಪ್ಯಾಲೆಸ್ಟೀನ್ ಬೇಕು, ಹೊರಗಿನವರಿಗೆ ಮೌನವಾದದ್ದು. ಲೇಖಕರು ಸುಮ್ಮನಾದರೆ ಇಬ್ಬರಿಗೂ ಅನುಕೂಲ.

ಅರಾಫತ್ ಈ ಇಕ್ಕಟ್ಟನ್ನು ದಾಟುವ ರೀತಿ ಗಮನಾರ್ಹ. ಸಂಪ್ರದಾಯಸ್ಥ ಅರಬ್ ಮನೆಯಿಂದ ತಪ್ಪಿಸಿಕೊಂಡು ಅಮೆರಿಕದಲ್ಲಿ ಬಿಡುಗಡೆ ಕಂಡ ಹುಡುಗಿಯ ಕಥೆಗೆ ಪಶ್ಚಿಮದ ಮಾರುಕಟ್ಟೆಯಲ್ಲಿ ಸದಾ ಗಿರಾಕಿಗಳಿದ್ದಾರೆ. ಅದನ್ನು ಅವರು ಬರೆದಿಲ್ಲ. ಬ್ರೂಕ್ಲಿನ್ ಅವರ ನಾಯಕಿಗೆ ನೆಮ್ಮದಿ ಕೊಡುವುದಿಲ್ಲ. ತಾಯಿ ಕ್ರೂರಿಯಾಗಿ ಕಂಡರೂ ಅವಳ ಪ್ರೀತಿಗಾಗಿ ಮಗಳು ಕೊನೆಯವರೆಗೂ ಹಂಬಲಿಸುತ್ತಾಳೆ. ಮಗಳು ತಾನೇ ಇತರರನ್ನು ನೋಯಿಸುತ್ತಾಳೆ, ಅದಕ್ಕೆ ಇತಿಹಾಸದ ನೆಪ ಹೇಳಿ ಪಾರಾಗುವುದಿಲ್ಲ.

ವಲಸಿಗರಿಗೆ ಎರಡು ದೇಶ, ದ್ವಿಲಿಂಗಕಾಮಿಗೆ ಎರಡು ಬಗೆಯ ಒಲವು, ಎರಡೂ ಒಂದೇ ತ್ರಿಶಂಕು ಸ್ಥಿತಿ ಎಂಬ ವ್ಯಾಖ್ಯಾನ ಇಲ್ಲಿ ಥಟ್ಟನೆ ಹೊಳೆಯುತ್ತದೆ. ಅದು ಅರ್ಧಸತ್ಯ. ‘ನೀನು ಯಾವ ಕಡೆ?’ ಎಂಬ ಪ್ರಶ್ನೆಯನ್ನು ಇಬ್ಬರೂ ಎದುರಿಸುತ್ತಾರೆ, ನಿಜ. ಆದರೆ ನಾಡು ಕಳೆದುಕೊಳ್ಳುವುದು ಒಂದು ನಷ್ಟ. ಅದನ್ನು ಮಾಡಿದವರಿದ್ದಾರೆ, ಅದಕ್ಕೆ ತಾರೀಖಿದೆ, ರಾಜಕೀಯ ಪರಿಹಾರವೂ ಇರಬೇಕು. ಇಬ್ಬರತ್ತ ಒಲಿಯುವ ಮನಸ್ಸು ಏನನ್ನೂ ಕಳೆದುಕೊಂಡಿಲ್ಲ. ಅದನ್ನು ಒಪ್ಪದ ಸಮಾಜದಿಂದ ಅದಕ್ಕೆ ನೋವು. ಎರಡನ್ನೂ ಒಂದೇ ರೂಪಕದಲ್ಲಿ ಕಲಸಿದರೆ ಆಕ್ರಮಣ ಮನೋವ್ಯಥೆಯಾಗಿಬಿಡುತ್ತದೆ, ಒಲವು ಊನವಾಗಿಬಿಡುತ್ತದೆ. 2021ರಲ್ಲಿ ದ್ವಿಲಿಂಗಕಾಮಿ ಕಥನ ವಿಭಾಗದಲ್ಲಿ ಲ್ಯಾಮ್ಡಾ ಪ್ರಶಸ್ತಿ ಪಡೆದ ಈ ಕೃತಿಯನ್ನು ಓದುವಾಗ ಈ ವ್ಯತ್ಯಾಸ ಮರೆಯಬಾರದು.

ಪ್ಯಾಲೆಸ್ಟೀನಿನ ಪ್ರತಿರೋಧ ಸಾಹಿತ್ಯದ ಪರಂಪರೆಗೆ ಇಂಥ ಕಾದಂಬರಿಯಿಂದ ಅವಮಾನವೇನೂ ಇಲ್ಲ. ಆ ಹೆಸರನ್ನು 1960ರ ದಶಕದಲ್ಲಿ ಬಳಕೆಗೆ ತಂದ ಲೇಖಕ ಘಸ್ಸಾನ್ ಕನಫಾನಿ ತಮ್ಮ ‘ಮೆನ್ ಇನ್ ದ ಸನ್’ (1963) ಕೃತಿಯಲ್ಲಿ ತಮ್ಮವರ ನಿಷ್ಕ್ರಿಯತೆಯನ್ನೂ ದಾಕ್ಷಿಣ್ಯವಿಲ್ಲದೆ ತೋರಿಸಿದ್ದರು. ಪ್ಯಾಲೆಸ್ಟೀನಿನ ರಾಷ್ಟ್ರಕವಿ ಎನಿಸಿಕೊಂಡ ಮಹಮೂದ್ ದರ್ವೀಶ್ 1990ರ ದಶಕದ ಕೊನೆಗೆ ಪ್ರೇಮಕವಿತೆಗಳ ಸಂಕಲನವನ್ನೇ ತಂದರು.

ಪ್ಯಾಲೆಸ್ಟೀನಿಯರಿಗೆ ನೆಲದ ಹಕ್ಕಿರುವುದು ಅವರು ಸದ್ಗುಣಿಗಳು ಎಂಬ ಕಾರಣಕ್ಕಲ್ಲ. ಆದ್ದರಿಂದ ಅವರ ಕಾದಂಬರಿಗಳು ಸದ್ಗುಣಗಳ ಸಾಕ್ಷ್ಯ ಒದಗಿಸಬೇಕಾಗಿಲ್ಲ. ಸುಳ್ಳಾಡುವ, ಮೋಸ ಮಾಡುವ, ಯಾರನ್ನೋ ಬಯಸಿ ಕೆಡುವ ಹೆಣ್ಣಿಗೂ ನ್ಯಾಯ ಸಲ್ಲಬೇಕು. ಕಾದಂಬರಿ ಓದಿದ ಮೇಲೆ ಆ ನ್ಯಾಯದ ಬಗೆಗಿನ ನಮ್ಮ ನಿಲುವು ಸಡಿಲಾದರೆ ದೋಷ ಲೇಖಕಿಯದಲ್ಲ, ಓದುಗರಾದ ನಮ್ಮದು.